ಪ್ಯಾಟ್ರಿಕ್ ಗೆಡ್ಡೆಸ್ ಮತ್ತು ನಗರದ ಹಸಿರು ನೆಲ

ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ 1919ರಲ್ಲಿ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರದ ವಿಭಾಗ ಆರಂಭವಾದಾಗ ಅದರ ಮೊದಲ ಪ್ರಾಧ್ಯಾಪಕರಾಗಿ ಬಂದವರು ಒಬ್ಬ ಸಸ್ಯಶಾಸ್ತ್ರಜ್ಞರು. ಸ್ಕಾಟ್ಲೆಂಡಿನ ಡಂಡೀ ನಗರದ ಕಾಲೇಜಿನಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕು ಗಿಡಮರಗಳ ಶಾಸ್ತ್ರವನ್ನು ಬೋಧಿಸಿ, ಅನ್ಯರು ವಿಶ್ರಾಂತಿಯನ್ನು ಬಯಸುವ ಅರುವತ್ತೈದರ ವಯಸ್ಸಿನಲ್ಲಿ ಹೊಸ ದೇಶದಲ್ಲಿ ಹೊಸ ಶಾಸ್ತ್ರವೊಂದರ ಪೀಠವನ್ನು ವಹಿಸಿಕೊಂಡ ಪ್ಯಾಟ್ರಿಕ್ ಗೆಡ್ಡೆಸ್ ಅವರು. ಸಸ್ಯಶಾಸ್ತ್ರಜ್ಞರೊಬ್ಬರ ಹೆಸರಿನಲ್ಲಿ ಗೆಡ್ಡೆ ಸೇರಿಕೊಂಡಿರುವುದು ಕನ್ನಡದ ಕಿವಿಗೆ ಮಾತ್ರ ಕೇಳಿಸುವ ವಿನೋದ. ಅವರ ನಂತರ ಆ ಪೀಠಕ್ಕೆ ಬಂದವರು ಜಿ. ಎಸ್. ಘುರ್ಯೆ, ಘುರ್ಯೆಯವರ ಬಳಿ ಮೈಸೂರಿನಿಂದ ಬಂದು ಕಲಿತವರು ಎಂ. ಎನ್. ಶ್ರೀನಿವಾಸ್. ಕನ್ನಡನಾಡಿನ ಹಳ್ಳಿಯನ್ನೂ ಜಾತಿಯನ್ನೂ ಕುಟುಂಬವನ್ನೂ ಲೋಕದ ವಿದ್ವಾಂಸರಿಗೆ ಪರಿಚಯಿಸಿದ ಅಧ್ಯಯನ ಪರಂಪರೆಯ ಮೊದಲ ಮೆಟ್ಟಿಲಿನಲ್ಲಿ ಹೀಗೆ ಗೆಡ್ಡೆಸ್ ಅವರು ನಿಂತಿದ್ದಾರೆ.

ಅವರ ಬದುಕನ್ನು ಹಲವು ಬಾಗಿಲುಗಳಿಂದ ಪ್ರವೇಶಿಸಬಹುದು. ಜೀವವಿಕಾಸದ ಬಗೆಗೆ ಬರೆದವರು, ಜಗದೀಶಚಂದ್ರ ಬೋಸರ ಜೀವನ ಚರಿತ್ರೆಯನ್ನು 1920ರಲ್ಲಿ ಪ್ರಕಟಿಸಿದವರು, ರವೀಂದ್ರನಾಥ ಠಾಕೂರರ ಸ್ನೇಹಿತರು, ನಗರ ಯೋಜನೆಯ ಆದ್ಯರಲ್ಲೊಬ್ಬರು. ಪ್ರಸ್ತುತ ಲೇಖನದಲ್ಲಿ ಒಂದೇ ಎಳೆಯನ್ನು ಹಿಡಿಯಲಾಗಿದೆ. ನಗರದೊಳಗಿನ ಹಸಿರು ನೆಲ ಯಾವುದರಿಂದ ಉಳಿಯುತ್ತದೆ, ಸುತ್ತಲಿನ ಜನರ ಆರೈಕೆಯಿಂದಲೋ ಅಥವಾ ಕಾನೂನು ನಕ್ಷೆಯ ಮೇಲೆ ಎಳೆಯುವ ಗೆರೆಯಿಂದಲೋ ಎಂಬ ಪ್ರಶ್ನೆ ಅವರನ್ನು ಎಡಿನ್‌ಬರೋದಿಂದ ಇಂದೂರಿನವರೆಗೆ, ಅಲ್ಲಿಂದ ಟೆಲ್ ಅವೀವ್‌ವರೆಗೆ ಬೆನ್ನುಹತ್ತಿ ಬಂದಿತು. ಅವರ ಒಲವು ಯಾವಾಗಲೂ ಜನರ ಕಡೆಗೇ ಇತ್ತು. ಆದರೆ ಅವರ ಯೋಜನೆಗಳ ಮುಂದಿನ ಗತಿಯನ್ನು ನೋಡಿದರೆ ಗೆರೆಯನ್ನೂ ಅಷ್ಟು ಹಗುರವಾಗಿ ಎಣಿಸುವಂತಿಲ್ಲ.

ಗೆಡ್ಡೆಸ್ ಹುಟ್ಟಿದ್ದು 1854ರ ಅಕ್ಟೋಬರ್ 2ರಂದು, ಸ್ಕಾಟ್ಲೆಂಡಿನ ಬ್ಯಾಲಟರ್ ಎಂಬ ಸಣ್ಣ ಊರಿನಲ್ಲಿ. ತಂದೆ ಸೈನ್ಯದಲ್ಲಿ ಕೆಲಸ ಮಾಡಿದವರು. ಬಾಲ್ಯ ಕಳೆದದ್ದು ಪರ್ತ್ ಪಟ್ಟಣದ ಅಂಚಿನ ಗುಡ್ಡದ ಮೇಲಿನ ಮನೆಯಲ್ಲಿ. ಮನೆಗೊಂದು ತೋಟವಿತ್ತು, ತೋಟದಾಚೆ ಕಾಡು, ಕೆಳಗೆ ನದಿ ಮತ್ತು ಊರು. ಊರನ್ನು ಅದರ ಸುತ್ತಲಿನ ಬೆಟ್ಟ, ಹೊಳೆ, ಹೊಲಗಳೊಡನೆ ಒಟ್ಟಾಗಿ ನೋಡುವ ಅಭ್ಯಾಸ ಅವರಿಗೆ ಅಲ್ಲಿಂದಲೇ ಬಂದಿರಬೇಕು. ಲಂಡನ್ನಿನಲ್ಲಿ ಟಿ. ಎಚ್. ಹಕ್ಸ್‌ಲಿಯವರ ಬಳಿ ಜೀವಶಾಸ್ತ್ರವನ್ನು ಕಲಿತರು. 1879ರಲ್ಲಿ ಸಂಶೋಧನೆಗೆಂದು ಮೆಕ್ಸಿಕೋಗೆ ಹೋದಾಗ ಕಣ್ಣಿನ ಬೇನೆಗೆ ತುತ್ತಾಗಿ ವಾರಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಕುಳಿತಿರಬೇಕಾಯಿತು. ಕಿಟಕಿಯ ಚೌಕಗಳನ್ನು ಬೆರಳಿನಿಂದ ತಡವುತ್ತ, ಚೌಕಚೌಕವಾಗಿ ವಿಚಾರಗಳನ್ನು ಜೋಡಿಸುವ ಕ್ರಮವನ್ನು ಅವರು ರೂಢಿಸಿಕೊಂಡದ್ದು ಆ ಕತ್ತಲೆಯಲ್ಲೇ. ಮರಳಿ ಬಂದ ಮೇಲೆ ಸೂಕ್ಷ್ಮದರ್ಶಕದ ಮುಂದೆ ದೀರ್ಘಕಾಲ ಕುಳಿತುಕೊಳ್ಳುವುದು ಕಷ್ಟವಾಯಿತು. ಜೀವಕೋಶವನ್ನು ನೋಡುತ್ತಿದ್ದ ಕಣ್ಣು ನಿಧಾನವಾಗಿ ಮನುಷ್ಯರ ವಸತಿಯ ಕಡೆಗೆ ಹೊರಳಿತು.

ಎಡಿನ್‌ಬರೋದ ಹಳೆಯ ಪಟ್ಟಣ ಆ ಕಾಲದಲ್ಲಿ ಯೂರೋಪಿನ ಅತಿ ಇಕ್ಕಟ್ಟಾದ ಕೇರಿಗಳಲ್ಲೊಂದು. ಶ್ರೀಮಂತರು ಕಣಿವೆಯಾಚೆಯ ಹೊಸ ಪಟ್ಟಣಕ್ಕೆ ಹೋಗಿ ನೆಲೆಸಿ ಬಹುಕಾಲವಾಗಿತ್ತು. ಅವರು ಬಿಟ್ಟುಹೋದ ಬಹು ಅಂತಸ್ತಿನ ಕಲ್ಲಿನ ಮನೆಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರದಂತೆ ಬಡವರು ತುಂಬಿಕೊಂಡಿದ್ದರು. 1886ರಲ್ಲಿ ಆ್ಯನಾ ಮಾರ್ಟನ್ ಅವರನ್ನು ಮದುವೆಯಾದ ಗೆಡ್ಡೆಸ್, ಹೊಸ ಪಟ್ಟಣದ ಅನುಕೂಲದ ಮನೆಯನ್ನು ಬಿಟ್ಟು ಈ ಕೇರಿಯ ಜೇಮ್ಸ್ ಕೋರ್ಟ್ ಎಂಬ ವಠಾರಕ್ಕೆ ಬಿಡಾರವನ್ನು ಬದಲಿಸಿದರು. ದಂಪತಿಗಳು ನೆರೆಹೊರೆಯವರೊಡನೆ ಸೇರಿ ಗೋಡೆಗಳಿಗೆ ಸುಣ್ಣ ಬಳಿದರು, ಅಂಗಳಗಳನ್ನು ಗುಡಿಸಿದರು, ಕಿಟಕಿಗಳಲ್ಲಿ ಹೂವಿನ ಕುಂಡಗಳನ್ನು ಇರಿಸಿದರು. ಕೇರಿಯನ್ನು ಕೆಡವಿ ಹೊಸದಾಗಿ ಕಟ್ಟಬೇಕೆಂಬುದು ಅಂದಿನ ನಗರಸಭೆಗಳ ಸಾಮಾನ್ಯ ನಂಬಿಕೆಯಾಗಿತ್ತು. ಗೆಡ್ಡೆಸ್ ಅವರದು ಬೇರೆ ಮಾರ್ಗ. ತೀರ ಕೆಟ್ಟ ಒಂದೆರಡು ಮನೆಗಳನ್ನಷ್ಟೇ ತೆಗೆದು, ಅದರಿಂದ ದೊರೆತ ತೆರವಿನಲ್ಲಿ ಗಾಳಿ ಬೆಳಕಿಗೂ ಗಿಡಗಳಿಗೂ ಎಡೆಮಾಡಿ, ಉಳಿದುದನ್ನು ದುರಸ್ತಿಗೊಳಿಸುವುದು. ವೈದ್ಯರ ಪರಿಭಾಷೆಯನ್ನು ಎರವು ಪಡೆದು ಅವರು ಇದನ್ನು ಅಂಗವನ್ನು ಉಳಿಸುವ ಶಸ್ತ್ರಚಿಕಿತ್ಸೆಯಾಗಿ ಕಂಡರು.

1888ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರದ ಪೀಠ ಅವರಿಗೆ ದೊರೆಯಲಿಲ್ಲ. ಡಂಡೀಯಲ್ಲಿ ಸಿಕ್ಕಿದ ಪೀಠವೋ ಬೇಸಗೆಯ ಕೆಲವು ತಿಂಗಳು ಮಾತ್ರ ಪಾಠವನ್ನು ಬೇಡುವಂಥದು. ವರ್ಷದ ಉಳಿದ ಭಾಗ ನಗರಗಳಿಗೆ ಮೀಸಲಾಯಿತು. 1892ರಲ್ಲಿ ಎಡಿನ್‌ಬರೋದ ಕೋಟೆಯ ಬಳಿಯ ಗೋಪುರವೊಂದನ್ನು ವಹಿಸಿಕೊಂಡು ಅದನ್ನು ಔಟ್‌ಲುಕ್ ಟವರ್ ಎಂದು ಕರೆದರು. ತುದಿಯಲ್ಲಿ ಕ್ಯಾಮೆರಾ ಅಬ್‌ಸ್ಕ್ಯೂರಾ. ಅದರ ಬಿಳಿಯ ಮೇಜಿನ ಮೇಲೆ ಇಡೀ ನಗರದ ಚಲಿಸುವ ಪ್ರತಿಬಿಂಬ. ಅಲ್ಲಿಂದ ಕೆಳಗಿಳಿದಂತೆ ಒಂದೊಂದು ಅಂತಸ್ತಿನಲ್ಲಿ ನಗರ, ನಾಡು, ಯೂರೋಪು, ಜಗತ್ತು ಎಂದು ಹಿಗ್ಗುತ್ತ ಹೋಗುವ ಪ್ರದರ್ಶನ. ಮೊದಲು ಎತ್ತರದಿಂದ ಇಡಿಯಾಗಿ ನೋಡು, ಆಮೇಲೆ ಇಳಿದು ಬೀದಿಬೀದಿಯಲ್ಲಿ ನಡೆದು ನೋಡು, ಯೋಜನೆಯ ಮಾತು ಅದಾದ ನಂತರ ಎಂಬುದು ಆ ಗೋಪುರದ ಪಾಠ. ಸಮೀಕ್ಷೆ ಮೊದಲು, ಯೋಜನೆ ಆಮೇಲೆ ಎಂಬ ಈ ಕ್ರಮ ಈಗ ನಗರಯೋಜನೆಯ ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇದೆ.

ಹಸಿರು ನೆಲದ ವಿಷಯದಲ್ಲಿ ಈ ಕ್ರಮಕ್ಕೆ ದೊರೆತ ಮೊದಲ ದೊಡ್ಡ ಅವಕಾಶ ಡನ್‌ಫರ್ಮ್‌ಲಿನ್ ಪಟ್ಟಣದ್ದು. ಅದು ಅಮೆರಿಕದ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯ ಹುಟ್ಟೂರು. ಊರ ಮಧ್ಯದ ಪಿಟ್ಟೆನ್‌ಕ್ರೀಫ್ ಎಂಬ ಜಹಗೀರಿನ ಉಪವನದೊಳಗೆ ನೇಕಾರನ ಮಗನಾದ ಬಾಲಕ ಕಾರ್ನೆಗಿಗೆ ಪ್ರವೇಶವಿರಲಿಲ್ಲ. ಸಾರ್ವಜನಿಕ ಹಕ್ಕಿಗಾಗಿ ಜಹಗೀರುದಾರರೊಡನೆ ವ್ಯಾಜ್ಯ ನಡೆಸಿದ್ದ ಮನೆತನ ಅವರ ತಾಯಿಯದು. ಮುಪ್ಪಿನಲ್ಲಿ ಆ ವನವನ್ನೇ ಕೊಂಡು ಊರಿಗೆ ದಾನ ಮಾಡಿ, ಅದರ ನಿರ್ವಹಣೆಗೆ ದೊಡ್ಡ ನಿಧಿಯೊಡನೆ ಧರ್ಮದರ್ಶಿ ಮಂಡಳಿಯನ್ನೂ 1903ರಲ್ಲಿ ನೇಮಿಸಿದರು. ಆ ಮಂಡಳಿಯ ಕೋರಿಕೆಯಂತೆ ಗೆಡ್ಡೆಸ್ ಅವರು ಸಿದ್ಧಪಡಿಸಿದ ವರದಿ 1904ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿತು. ಉದ್ಯಾನವೆಂದರೆ ಬೇಲಿಯೊಳಗಿನ ಹುಲ್ಲುಹಾಸಲ್ಲ, ಅದು ಊರಿನ ಹೊಳೆ, ಹಳೆಯ ಗಿರಣಿ, ಶಾಲೆ, ವಸ್ತುಸಂಗ್ರಹಾಲಯಗಳನ್ನು ಬೆಸೆಯುವ ಹಸಿರಿನ ನಡಿಗೆದಾರಿ ಎಂಬುದು ಅದರ ಸಾರ. ಮಂಡಳಿಯವರು ಆ ಯೋಜನೆಯನ್ನು ಸ್ವೀಕರಿಸಲಿಲ್ಲ. ಗೆಡ್ಡೆಸ್ ಅವರ ಬಾಳಿನಲ್ಲಿ ಮತ್ತೆ ಮತ್ತೆ ಮರುಕಳಿಸುವ ಅನುಭವ ಇದು.

ದೊಡ್ಡ ಯೋಜನೆ ಕಪಾಟು ಸೇರಿದಾಗ ಅವರು ಸಣ್ಣದಕ್ಕೆ ತಿರುಗಿದರು. ನನ್ನ ದೃಷ್ಟಿಯಲ್ಲಿ ಅವರ ಅತ್ಯಂತ ಬೆಲೆಯುಳ್ಳ ಕೆಲಸ ಅದೇ. 1909ರ ಸುಮಾರಿಗೆ ಔಟ್‌ಲುಕ್ ಟವರಿನ ಒಂದು ಸಮಿತಿ ಎಡಿನ್‌ಬರೋದ ಹಳೆಯ ಪಟ್ಟಣದಲ್ಲಿ ಬರಿದಾಗಿ ಬಿದ್ದಿದ್ದ ನೆಲವನ್ನು ಎಣಿಸಲು ಹೊರಟಿತು. ಕುಸಿದ ಮನೆಗಳ ನಿವೇಶನ, ಓಣಿಗಳ ಕೊನೆಯ ಮೂಲೆ, ಕೋಟೆಯ ಇಳಿಜಾರಿನ ಕಸದ ಗುಡ್ಡೆ, ಹೀಗೆ ಯಾರ ಕಣ್ಣಿಗೂ ಉದ್ಯಾನವಾಗಿ ಕಾಣದ ಸುಮಾರು 75 ತುಣುಕುಗಳು ದೊರೆತವು. ಎಲ್ಲ ಸೇರಿದರೆ ಸುಮಾರು 10 ಎಕರೆ. ಜಾಗವೇ ಇಲ್ಲವೆಂದು ನಗರಸಭೆ ಹೇಳುತ್ತಿದ್ದ ಕೇರಿಯಲ್ಲಿ 10 ಎಕರೆ! ಗೆಡ್ಡೆಸ್ ಅವರ ಮಗಳು ನೋರಾ ಈ ಕೆಲಸದ ಮುಂದಾಳು. ಒಡೆಯರ ಅನುಮತಿ ಪಡೆದು, ಕಸ ತೆಗೆಸಿ, ಮಣ್ಣು ತುಂಬಿಸಿ, ಕೇರಿಯ ಮಕ್ಕಳ ಕೈಯಿಂದಲೇ ಗಿಡ ನೆಡಿಸಿ ಕೆಲವೇ ವರ್ಷಗಳಲ್ಲಿ ಹತ್ತರಷ್ಟು ಕೈತೋಟಗಳನ್ನು ಆಕೆ ನಿರ್ಮಿಸಿದರು. ನಗರಸಭೆಗಳ ಉದ್ಯಾನಗಳ ಮೇಲೆ ಗೆಡ್ಡೆಸ್ ಅವರಿಗೆ ಇದ್ದ ಆಕ್ಷೇಪವೂ ಇಲ್ಲಿ ಅರ್ಥವಾಗುತ್ತದೆ. ಅವು ಸಿರಿವಂತರ ಬಂಗಲೆಯ ತೋಟದ ಅನುಕರಣೆ. ಅಲ್ಲಿ ಹುಲ್ಲಿನ ಮೇಲೆ ಕಾಲಿಟ್ಟ ಹುಡುಗನನ್ನು ಕಾವಲುಗಾರ ಅಟ್ಟುತ್ತಾನೆ. ಅಟ್ಟಿಸಿಕೊಂಡ ಹುಡುಗ ಮುಂದೆ ಮತದಾರನಾದಾಗ ಆ ಉದ್ಯಾನದ ಪರವಾಗಿ ನಿಲ್ಲುವ ಕಾರಣವಾದರೂ ಏನಿದೆ?

ಇದೇ ಕಾಲದಲ್ಲಿ ಕಾನೂನಿನ ಕಡೆಯಿಂದಲೂ ಪ್ರಯತ್ನ ನಡೆದಿತ್ತು. ನಗರದ ನೆಲವನ್ನು ವಲಯಗಳಾಗಿ ವಿಂಗಡಿಸಿ, ಇಲ್ಲಿ ವಸತಿ, ಇಲ್ಲಿ ಕಾರ್ಖಾನೆ, ಇಲ್ಲಿ ಇಷ್ಟೇ ಎತ್ತರ, ಇಷ್ಟು ಭಾಗ ಕಟ್ಟಡ, ಇಷ್ಟು ಭಾಗ ತೆರವು ಎಂದು ಮೊದಲೇ ಗೊತ್ತುಪಡಿಸುವ ಪದ್ಧತಿಯನ್ನು ಜರ್ಮನಿಯ ಫ್ರಾಂಕ್‌ಫರ್ಟ್ ನಗರ 1891ರಲ್ಲಿ ಜಾರಿಗೆ ತಂದಿತು. ಬ್ರಿಟನ್ನಿನ ಮೊದಲ ನಗರಯೋಜನಾ ಶಾಸನ 1909ರದು. ನ್ಯೂಯಾರ್ಕಿನ ವಲಯ ನಿಯಮಗಳು 1916ರವು. ಈ ಪದ್ಧತಿಯ ಬಲ ಇರುವುದು ಒಂದು ಸರಳ ಸಂಗತಿಯಲ್ಲಿ. ಕಟ್ಟಡಕ್ಕೆ ಯೋಗ್ಯವಾದ ನೆಲದ ಬೆಲೆ ಏರುತ್ತಲೇ ಇರುತ್ತದೆ, ಹುಲ್ಲು ಮರಗಳಿಂದ ಆದಾಯವಿಲ್ಲ. ಆದ್ದರಿಂದ ಪ್ರತಿಸಲವೂ ಚೌಕಾಸಿಗೆ ಬಿಟ್ಟರೆ ಹಸಿರು ಸೋಲುತ್ತದೆ. ಚೌಕಾಸಿಗೆ ಮುಂಚೆಯೇ ನಿಯಮವನ್ನು ಮಾಡಿಟ್ಟರೆ ಆ ನೆಲಕ್ಕೆ ಕಟ್ಟಡದ ಬೆಲೆಯೇ ಹುಟ್ಟುವುದಿಲ್ಲ. 1915ರ ತಮ್ಮ ಪ್ರಸಿದ್ಧ ಗ್ರಂಥ ‘ಸಿಟೀಸ್ ಇನ್ ಎವಲ್ಯೂಷನ್’ನಲ್ಲಿ ಗೆಡ್ಡೆಸ್ ಜರ್ಮನಿಯ ಈ ದೂರದೃಷ್ಟಿಯನ್ನು ಮೆಚ್ಚಿದ್ದಾರೆ. ಆದರೆ ಊರನ್ನು ಅರಿಯದೆ ಕಚೇರಿಯಲ್ಲಿ ಕುಳಿತು ಎಳೆದ ಗೆರೆಯ ಬಗೆಗೆ ಅವರ ಸಂದೇಹ ಕಡಿಮೆಯಾಗಲಿಲ್ಲ.

ಆ ಗ್ರಂಥದ ಇನ್ನೊಂದು ಮಾತು ಮುಂಬಯಿಯ ನಮಗೆ ಹತ್ತಿರದ್ದು. ಬೆಳೆಯುತ್ತ ಬೆಳೆಯುತ್ತ ಒಂದಕ್ಕೊಂದು ಕೂಡಿಕೊಳ್ಳುವ ಊರುಗಳ ಸಮೂಹಕ್ಕೆ ಇಂಗ್ಲಿಷಿನಲ್ಲಿ ಈಗ ಬಳಕೆಯಲ್ಲಿರುವ ‘ಕಾನರ್ಬೇಷನ್’ ಎಂಬ ಪದವನ್ನು ಟಂಕಿಸಿದವರು ಗೆಡ್ಡೆಸ್. ಹಾಗೆ ಕೂಡಿಕೊಳ್ಳುವ ಮೊದಲೇ ಊರುಗಳ ನಡುವಿನ ಬೆಟ್ಟ ಮತ್ತು ಬಯಲನ್ನು, ಮುಖ್ಯವಾಗಿ ಕುಡಿಯುವ ನೀರಿನ ಜಲಾನಯನ ಪ್ರದೇಶವನ್ನು ಕಾಯ್ದಿರಿಸಿ ಅಲ್ಲಿ ಕಾಡು ಬೆಳೆಸಬೇಕೆಂದು ಅವರು ಒತ್ತಾಯಿಸಿದರು. ಬೋರಿವಲಿಯ ಕಾಡು ಮುಂಬಯಿಯ ನಡುವೆ ಇಂದಿಗೂ ಉಳಿದಿರುವುದಕ್ಕೆ, ಹತ್ತೊಂಬತ್ತನೆಯ ಶತಮಾನದಲ್ಲಿ ನಿರ್ಮಾಣವಾದ ವಿಹಾರ್ ಮತ್ತು ತುಳಸಿ ಸರೋವರಗಳಿಗಾಗಿ ಆ ಗುಡ್ಡಗಳನ್ನು ಕಾಯ್ದುಕೊಂಡದ್ದು ಒಂದು ಕಾರಣ. ಅದು ಗೆಡ್ಡೆಸ್ ಅವರ ಪ್ರಭಾವದಿಂದ ಆದುದಲ್ಲ; ಅವರ ವಾದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಮಾತ್ರ ಸಿಗಲಾರದು.

ಅವರು ಭಾರತಕ್ಕೆ ಬಂದದ್ದು 1914ರಲ್ಲಿ, ಮದ್ರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲಂಡ್ ಅವರ ಆಹ್ವಾನದ ಮೇಲೆ. ನಕ್ಷೆ, ಚಿತ್ರ, ಮಾದರಿಗಳ ತಮ್ಮ ನಗರ ಪ್ರದರ್ಶನವನ್ನು ಬೇರೊಂದು ಹಡಗಿನಲ್ಲಿ ಕಳುಹಿಸಿದ್ದರು. ಮಹಾಯುದ್ಧ ಆರಂಭವಾಗಿತ್ತು; ಜರ್ಮನರ ‘ಎಮ್‌ಡೆನ್’ ನೌಕೆ ಆ ಹಡಗನ್ನು ಹಿಂದೂ ಮಹಾಸಾಗರದಲ್ಲಿ ಮುಳುಗಿಸಿತು. ವರ್ಷಗಳ ಸಂಗ್ರಹ ಕಡಲಪಾಲಾಯಿತು. ಸ್ನೇಹಿತರು ಹೊಸ ಸಾಮಗ್ರಿಯನ್ನು ಕೂಡಿಸಿ ಕಳುಹಿಸಿದರು. 1915ರ ಜನವರಿಯಲ್ಲಿ ಮದ್ರಾಸಿನಲ್ಲಿ ಪ್ರದರ್ಶನ ತೆರೆಯಿತು. ಅಲ್ಲಿಂದ ಮುಂದಿನ ನಾಲ್ಕೈದು ವರ್ಷ ಅವರು ಊರೂರು ನಡೆದರು. ನಡೆದರು ಎಂಬುದು ಅಲಂಕಾರದ ಮಾತಲ್ಲ; ಬೆಳಗಿನ ಜಾವ ಎದ್ದು ಓಣಿ ಓಣಿಯನ್ನು ಕಾಲ್ನಡಿಗೆಯಲ್ಲೇ ನೋಡುವುದು ಅವರ ಪದ್ಧತಿ. ಮದ್ರಾಸ್ ಪ್ರಾಂತದ ಊರುಗಳ ಮೇಲಿನ ಅವರ ವರದಿಗಳಲ್ಲಿ ಆಗ ಆ ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಇದೆ. ಮುಂಬಯಿ ಪ್ರಾಂತದಲ್ಲಿ ಠಾಣೆ, ಅಹಮದಾಬಾದ್, ಸೂರತ್ ಮೊದಲಾದವು. ಆಮೇಲೆ ಲಖನೌ, ಢಾಕಾ, ಬರೋಡಾ, ಲಾಹೋರ್, ಕಪೂರ್ತಲಾ. ಒಟ್ಟಿನಲ್ಲಿ ಸುಮಾರು 50 ಊರುಗಳು.

ತಂಜಾವೂರಿನ ಪ್ರಸಂಗವೊಂದೇ ಅವರ ಕ್ರಮವನ್ನು ವಿಶದಪಡಿಸುತ್ತದೆ. ಅಲ್ಲಿನ ಕೋಟೆಯೊಳಗಿನ ಇಕ್ಕಟ್ಟನ್ನು ಬಿಡಿಸಲು ಪುರಸಭೆಯವರು ಮನೆಗಳನ್ನು ಸೀಳಿಕೊಂಡು ಹೋಗುವ ನೇರ ಬೀದಿಗಳ ನಕ್ಷೆ ಸಿದ್ಧಪಡಿಸಿದ್ದರು. ಮೊದಲ ಬೀದಿಗೇ 30,000 ರೂಪಾಯಿ ಖರ್ಚು. ಗೆಡ್ಡೆಸ್ ಓಣಿಗಳನ್ನು ಅಳೆದು ನೋಡಿ, ಪಾಳುಬಿದ್ದ ಮನೆಗಳ ನಿವೇಶನಗಳನ್ನು ಒಂದಕ್ಕೊಂದು ಜೋಡಿಸಿದರೆ ಸಾಕಷ್ಟು ತೆರವುಗಳು ತಾವಾಗಿಯೇ ದೊರೆಯುತ್ತವೆಂದೂ ಅಲ್ಲಿ ಮರ ನೆಟ್ಟು ಸಣ್ಣ ಚೌಕಗಳನ್ನು ಮಾಡಬಹುದೆಂದೂ ತೋರಿಸಿಕೊಟ್ಟರು. ಅವರ ಅಂದಾಜು 5,000 ರೂಪಾಯಿ. ಭಾರತದ ಊರುಗಳಲ್ಲಿ ಹಸಿರು ನೆಲವನ್ನು ಹೊಸದಾಗಿ ತರಬೇಕಾಗಿಲ್ಲ, ಅದು ಈಗಾಗಲೇ ಇದೆ ಎಂಬುದು ಅವರ ದೊಡ್ಡ ಶೋಧ. ದೇವಸ್ಥಾನದ ಮುಂದಣ ಅರಳಿಕಟ್ಟೆ, ಬಾವಿಯ ಸುತ್ತಣ ಬಯಲು, ಕೆರೆಯ ಏರಿ, ಮನೆಯೊಳಗಣ ತುಳಸಿಕಟ್ಟೆ. ಮಲೇರಿಯಾದ ಭಯದಿಂದ ಎಂಜಿನಿಯರರು ಕೆರೆಗಳನ್ನು ಮುಚ್ಚಿಸಲು ಹೊರಟಾಗ, ಕೆರೆಯಲ್ಲಿ ಮೀನನ್ನೂ ಬಾತುಗಳನ್ನೂ ಬಿಟ್ಟರೆ ಸೊಳ್ಳೆಯ ಮರಿಗಳು ತೀರುತ್ತವೆ, ಊರಿನ ತಂಪೂ ಉಳಿಯುತ್ತದೆ ಎಂದು ಅವರು ವಾದಿಸಿದರು. ಮುಂದಿನ ದಶಕಗಳಲ್ಲಿ ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದುದನ್ನು ಬಲ್ಲ ಕನ್ನಡಿಗರಿಗೆ ಆ ವಾದದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಇಂದೂರಿನ ಕತೆ ಈಗ ದಂತಕತೆಯಂತಾಗಿದೆ. ಪ್ಲೇಗಿನಿಂದ ಕಂಗೆಟ್ಟಿದ್ದ ಆ ಸಂಸ್ಥಾನದ ಜನ ನಕ್ಷೆ ಹಿಡಿದು ಓಣಿಯಲ್ಲಿ ಸುತ್ತುವ ಈ ಗಡ್ಡದ ಸಾಹೇಬರನ್ನು ಮನೆ ಕೆಡವಲು ಬಂದವರೆಂದು ಹೆದರಿ ಶಪಿಸುತ್ತಿದ್ದರು. ಗೆಡ್ಡೆಸ್ ಮಹಾರಾಜರ ಬಳಿ ಒಂದು ದಿನದ ಅಧಿಕಾರವನ್ನು ಬೇಡಿದರು. ದೀಪಾವಳಿಯ ಮೆರವಣಿಗೆ ಹಳೆಯ ದಾರಿಯಲ್ಲಿ ಹೋಗುವುದಿಲ್ಲ, ಯಾವ ಬೀದಿಯವರು ಹೆಚ್ಚು ಚೊಕ್ಕಟವಾಗಿ ಇಟ್ಟಿದ್ದಾರೋ ಆ ಬೀದಿಯಲ್ಲಿ ಹೋಗುತ್ತದೆ ಎಂದು ಸಾರಿಸಿದರು. ಊರಿಗೆ ಊರೇ ಗುಡಿಸತೊಡಗಿತು. ಗಾಡಿಗಟ್ಟಲೆ ಕಸ ಹೊರಹೋಯಿತು. ಮೆರವಣಿಗೆಯಲ್ಲಿ ರಾವಣನ ಜೊತೆಗೆ ಪ್ಲೇಗಿನ ಇಲಿಯ ಭಾರಿ ಪ್ರತಿಮೆ. ಪೊರಕೆ ಹಿಡಿದ ಜಾಡಮಾಲಿಗಳಿಗೆ ಹೊಸ ಬಟ್ಟೆ ಮತ್ತು ಹೂಮಾಲೆಯ ಗೌರವ. ಕೊನೆಯ ಬಂಡಿಗಳಲ್ಲಿ ಮನೆಮನೆಗೆ ಹಂಚಲು ತುಳಸಿಯ ಸಸಿಗಳು. ಸಸ್ಯಶಾಸ್ತ್ರದ ಪ್ರಾಧ್ಯಾಪಕರು ತುಳಸಿಯನ್ನು ಭಕ್ತಿಯ ಕುರುಹಾಗಿ ಮಾತ್ರ ನೋಡಲಿಲ್ಲ. ದಿನವೂ ನೀರೆರೆದು ಸುತ್ತ ಸಾರಿಸುವ ಗೃಹಿಣಿ ಈಗಾಗಲೇ ತನ್ನ ಅಂಗಳದ ಉದ್ಯಾನಪಾಲಕಿ. ಅಂಗಳದಿಂದ ಬೀದಿಗೆ, ಬೀದಿಯಿಂದ ಊರಿಗೆ ಆ ಆರೈಕೆಯನ್ನು ಹಿಗ್ಗಿಸುವುದಷ್ಟೇ ಉಳಿದಿರುವ ಕೆಲಸ ಎಂದು ಅವರು ತಿಳಿದರು. 1918ರಲ್ಲಿ ಪ್ರಕಟವಾದ ಇಂದೂರಿನ ವರದಿ ಎರಡು ಸಂಪುಟಗಳದು; ನದಿಯ ದಂಡೆಗಳನ್ನು ಹಸಿರಾಗಿ ಉಳಿಸುವ ಸೂಚನೆಯೂ ಅದರಲ್ಲಿದೆ.

ಆ ವರ್ಷಗಳು ಅವರ ಖಾಸಗಿ ಬದುಕಿನ ಅತ್ಯಂತ ಕಠಿಣ ವರ್ಷಗಳೂ ಹೌದು. ತಂದೆಯ ಕೆಲಸವನ್ನು ಮುಂದುವರಿಸಬೇಕಾಗಿದ್ದ ಹಿರಿಯ ಮಗ ಅಲಾಸ್‌ಡೇರ್ 1917ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ರಣರಂಗದಲ್ಲಿ ಮಡಿದರು. ಆ್ಯನಾ ಭಾರತದಲ್ಲೇ ಜ್ವರದಿಂದ ಹಾಸಿಗೆ ಹಿಡಿದಿದ್ದರು; ಮಗನ ಸಾವನ್ನು ಅವರಿಂದ ಮರೆಮಾಚಲಾಯಿತು. ಜೂನ್ ತಿಂಗಳಲ್ಲಿ ಅವರೂ ತೀರಿಕೊಂಡರು. ಗೆಡ್ಡೆಸ್ ಕೆಲಸವನ್ನು ನಿಲ್ಲಿಸಲಿಲ್ಲ.

ಮುಂಬಯಿಗೆ ಅವರು ಬಂದದ್ದು ಈ ಎಲ್ಲ ಹೊರೆಯನ್ನು ಹೊತ್ತು. ಅಧ್ಯಾಪಕರಾಗಿ ಅವರು ಸುಲಭದವರಾಗಿರಲಿಲ್ಲ. ಗಡ್ಡದೊಳಗೇ ಮಾತನಾಡುವರು, ಒಂದು ವಿಷಯದಿಂದ ಇನ್ನೊಂದಕ್ಕೆ ಹಾರುವರು, ಪಾಠ ಪರೀಕ್ಷೆಗೆ ಒದಗುತ್ತಿರಲಿಲ್ಲ. ಆದರೆ ವಿದ್ಯಾರ್ಥಿಗಳನ್ನು ಗ್ರಂಥಾಲಯದಿಂದ ಬೀದಿಗೆ ಕರೆತಂದರು. ಸಂಸ್ಕೃತದ ವಿದ್ಯಾರ್ಥಿಯಾಗಿದ್ದ ಘುರ್ಯೆ ಅವರ ಶಿಫಾರಸಿನಿಂದ ಇಂಗ್ಲೆಂಡಿಗೆ ಹೋಗಿ ಓದಿ ಬಂದರು. ಅವರು ಬರುವ ಮೊದಲೇ, 1915ರಲ್ಲಿ, ಮುಂಬಯಿ ಪ್ರಾಂತಕ್ಕೆ ನಗರಯೋಜನಾ ಶಾಸನ ದೊರೆತಿತ್ತು. ಭಾರತದಲ್ಲಿ ಅದೇ ಮೊದಲನೆಯದು. ಒಂದು ಪ್ರದೇಶದ ಒಡೆಯರೆಲ್ಲರ ನೆಲವನ್ನು ಒಟ್ಟುಗೂಡಿಸಿ, ಪ್ರತಿಯೊಬ್ಬರಿಂದ ಒಂದು ಪಾಲನ್ನು ರಸ್ತೆ ಮತ್ತು ಉದ್ಯಾನಕ್ಕೆ ತೆಗೆದಿರಿಸಿ, ಉಳಿದುದನ್ನು ಅಚ್ಚುಕಟ್ಟಾದ ನಿವೇಶನಗಳಾಗಿ ಹಿಂದಿರುಗಿಸುವುದು ಅದರ ಕ್ರಮ. ಒಡೆಯನ ನೆಲ ಕಿರಿದಾದರೂ ಬೆಲೆ ಹಿರಿದಾಗುವುದರಿಂದ ನಷ್ಟವಿಲ್ಲ. ಉದ್ಯಾನವನ್ನು ಕೊಂಡುಕೊಳ್ಳದೆ ಪಡೆಯುವ ಈ ಜಾಣ್ಮೆ ಇಂದಿಗೂ ಗುಜರಾತಿನಲ್ಲಿ ಬಳಕೆಯಲ್ಲಿದೆ.

ಇದಕ್ಕೂ ಹಿಂದೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ಪ್ಲೇಗಿನ ನಂತರ, ಮುಂಬಯಿಯ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್–ಮಾಟುಂಗದ ಬಡಾವಣೆಯನ್ನು ರೂಪಿಸಿತ್ತು. ಅಲ್ಲಿನ ಫೈವ್ ಗಾರ್ಡನ್ಸ್‌ನ ಸುತ್ತ ಸಂಜೆ ತಿರುಗಾಡುವ ಮಾಟುಂಗದ ಕನ್ನಡಿಗರು, ಸಮೀಪದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳಿಗೆ ಬಂದು ಹೋಗುವವರು, ಆ ತೆರವು ತಾನಾಗಿ ಉಳಿಯಿತೆಂದು ಭಾವಿಸುವುದುಂಟು. ಬಡಾವಣೆಯ ನಕ್ಷೆಯಲ್ಲಿ ಅದು ಉದ್ಯಾನವಾಗಿಯೇ ಹುಟ್ಟಿತು, ಅದಕ್ಕೇ ಉಳಿಯಿತು. ಜೊತೆಗೆ ಪಕ್ಕದ ಪಾರ್ಸಿ ಕಾಲೊನಿಯ ಬೀದಿಬೀದಿಗೆ ಬೇರೆ ಬೇರೆ ಜಾತಿಯ ಮರಗಳನ್ನು ನೆಡಿಸಿದ ಮಂಚೇರ್ಜಿ ಜೋಶಿಯವರಂಥವರ ಆರೈಕೆಯೂ ಅದಕ್ಕೆ ದೊರೆಯಿತು. ಗೆರೆ ಮತ್ತು ಆರೈಕೆ ಎರಡೂ ಕೂಡಿದ ಅಪರೂಪದ ನಿದರ್ಶನ ಅದು.

ಗೆರೆಯೊಂದೇ ಸಾಲದೆಂಬ ಗೆಡ್ಡೆಸ್ ಅವರ ಸಂದೇಹ ನಿರಾಧಾರವಾದುದಲ್ಲ. ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರಯೋಜನಾ ಕಾಯಿದೆಯ ಪ್ರಕಾರ ಉದ್ಯಾನಕ್ಕೆಂದು ಮೀಸಲಿಟ್ಟ ಖಾಸಗಿ ನೆಲವನ್ನು ಹತ್ತು ವರ್ಷಗಳೊಳಗೆ ವಶಪಡಿಸಿಕೊಳ್ಳದಿದ್ದರೆ ಒಡೆಯನು ನೋಟಿಸು ಕೊಡಬಹುದು. ಆಮೇಲೂ ಗೊತ್ತಾದ ಅವಧಿಯಲ್ಲಿ ಕ್ರಮ ಜರುಗದಿದ್ದರೆ ಮೀಸಲು ತಾನಾಗಿಯೇ ಬಿದ್ದುಹೋಗುತ್ತದೆ. ನಕ್ಷೆಯ ಹಸಿರು ಬಣ್ಣ ಆಡಳಿತದ ಆಲಸ್ಯದಿಂದಲೇ ಅಳಿಸಿಹೋಗಬಲ್ಲದು. ಇನ್ನೊಂದು ಬದಿಯಲ್ಲಿ ಬೆಂಗಳೂರಿನ ನಿದರ್ಶನವಿದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆ ಸಲ್ಲದೆಂದು ತೀರ್ಪಿತ್ತಿತು. ಗೆರೆ ಇಲ್ಲದಿದ್ದರೆ ಆ ನಿವಾಸಿಗಳಿಗೆ ಹಿಡಿದುಕೊಳ್ಳಲು ಏನೂ ಇರುತ್ತಿರಲಿಲ್ಲ. ನಿವಾಸಿಗಳು ಸುಮ್ಮನಿದ್ದಿದ್ದರೆ ಗೆರೆ ಕಾಗದದಲ್ಲೇ ಉಳಿಯುತ್ತಿತ್ತು.

ಆರೋಗ್ಯ ಕೆಟ್ಟ ಕಾರಣ 1924ರಲ್ಲಿ ಗೆಡ್ಡೆಸ್ ಮುಂಬಯಿಯನ್ನು ಬಿಟ್ಟು ದಕ್ಷಿಣ ಫ್ರಾನ್ಸಿನ ಮಾಂಪೆಲಿಯೆಗೆ ಹೋದರು. ಮರುವರ್ಷ ಟೆಲ್ ಅವೀವ್ ನಗರಸಭೆ ಅವರಿಂದ ವಿಸ್ತರಣೆಯ ಯೋಜನೆಯನ್ನು ಕೋರಿತು. ಮುಖ್ಯರಸ್ತೆಗಳ ನಡುವೆ ದೊಡ್ಡ ಚೌಕಗಳು. ಚೌಕದೊಳಗೆ ವಾಹನಗಳನ್ನು ತಡೆಯುವ ಕಿರಿದಾದ ಓಣಿಗಳು. ಓಣಿಗಳು ಬಂದು ಸೇರುವ ನಡುಮಧ್ಯದಲ್ಲಿ ಒಂದು ತೋಟ. ಮನೆಗಳು ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ, ಸುತ್ತ ಹಣ್ಣಿನ ಗಿಡಗಳೊಡನೆ ಇರಬೇಕು. ತಂಜಾವೂರಿನಲ್ಲೂ ಎಡಿನ್‌ಬರೋದಲ್ಲೂ ಅವರು ಪಾಳು ನಿವೇಶನಗಳಿಂದ ಹೆಕ್ಕಿ ತೆಗೆದ ಒಳಚೌಕವೇ ಇಲ್ಲಿ ಮೊದಲೇ ನಕ್ಷೆಗೆ ಬಂದಿತು. ಈ ಸಲ ಮಾತ್ರ ವರದಿ ಕಪಾಟನ್ನು ಸೇರಲಿಲ್ಲ. ಅದು 1920ರ ದಶಕದಲ್ಲೇ ಅಧಿಕೃತ ಯೋಜನೆಯಾಗಿ, ಕಟ್ಟುವವರೆಲ್ಲರನ್ನೂ ಬಂಧಿಸುವ ನಿಯಮವಾಯಿತು. 1930ರ ದಶಕದಲ್ಲಿ ಯೂರೋಪಿನಿಂದ ವಲಸೆ ಬಂದವರ ಒತ್ತಡಕ್ಕೆ ಅವರ ಸಣ್ಣ ಮನೆಗಳು ಮೂರು ನಾಲ್ಕು ಅಂತಸ್ತುಗಳಾಗಿ ಏರಿದವು; ಉದ್ದೇಶಿಸಿದ ತೋಟಗಳೆಲ್ಲವೂ ಆಗಲಿಲ್ಲ. ಆದರೂ ಬೀದಿಗಳ ಜಾಡು, ಮನೆಗಳ ನಡುವಣ ತೆರವು, ಹಲವು ಒಳಚೌಕಗಳು ನಿಂತವು. 2003ರಲ್ಲಿ ಯುನೆಸ್ಕೋ ಆ ಭಾಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಗೆಡ್ಡೆಸ್ ಅವರ ಯೋಜನೆಯನ್ನೂ ಅದರ ಹಿರಿಮೆಯ ಕಾರಣಗಳಲ್ಲಿ ಎಣಿಸಲಾಯಿತು. ಗೆರೆಯನ್ನು ಸಂದೇಹಿಸಿದವರ ಕನಸು ಇಷ್ಟು ದೊಡ್ಡ ಪ್ರಮಾಣದಲ್ಲಿ ಉಳಿದದ್ದು ಗೆರೆಗೆ ಬಲವಿದ್ದ ಊರಿನಲ್ಲಿ.

ಕೊನೆಯ ವರ್ಷಗಳು ಮಾಂಪೆಲಿಯೆಯಲ್ಲಿ ಕಳೆದವು. ಊರ ಹೊರಗಿನ ಕುರುಚಲು ಗುಡ್ಡದ ಮೇಲೆ ನಾನಾ ದೇಶಗಳ ವಿದ್ಯಾರ್ಥಿಗಳಿಗಾಗಿ ಅವರು ಸ್ಕಾಟ್ ಕಾಲೇಜೊಂದನ್ನು ಕಟ್ಟಿ, ಸುತ್ತ ತೋಟಗಳನ್ನು ಬೆಳೆಸಿದರು. ಹಣ ಎಂದಿನಂತೆ ಸಾಲದಾಯಿತು. 1932ರ ಆರಂಭದಲ್ಲಿ ಸರ್ ಪದವಿ ದೊರೆಯಿತು. ಅದೇ ವರ್ಷದ ಏಪ್ರಿಲ್ 17ರಂದು ಅಲ್ಲಿಯೇ ನಿಧನರಾದರು. ಭಾರತದ ವರದಿಗಳು ಕಚೇರಿಗಳಲ್ಲಿ ಧೂಳು ತಿನ್ನುತ್ತಿದ್ದವು. ಅವುಗಳ ಆಯ್ದ ಭಾಗಗಳನ್ನು ಜಾಕ್ವೆಲಿನ್ ಟಿರ್‌ವಿಟ್ ಅವರು ಸಂಪಾದಿಸಿ 1947ರಲ್ಲಿ ಲಂಡನ್ನಿನಿಂದ ಹೊರತಂದರು. ಎಡಿನ್‌ಬರೋದಲ್ಲಿ ನೋರಾ ಮಾಡಿಸಿದ ಕೈತೋಟಗಳಲ್ಲಿ ಹೆಚ್ಚಿನವು ನೆಲದೊಡೆಯರು ಬದಲಾದಂತೆ ಕಣ್ಮರೆಯಾದವು. ಕೋಟೆಯ ಅಡಿಯ ಜಾನ್‌ಸ್ಟನ್ ಟೆರೇಸಿನದು ಇನ್ನೂ ಇದೆ. ಈಗ ಅದು ಕಾಡುಹೂಗಳ ಒಂದು ಪುಟ್ಟ ರಕ್ಷಿತ ತಾಣ.